ವೆಂಗುರ್ಲೆಯ ಸಂಜೆಗಾಳಿ

ಇಪ್ಪತ್ತೆರಡು ವರ್ಷಗಳಿಂದ ನಾನು ಒಂದು ಸಂಗತಿಯನ್ನು ಹೇಳಿಕೊಂಡು ಬಂದಿದ್ದೇನೆ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿದ ವರ್ಷ, ಕೊಂಕಣದ ವೆಂಗುರ್ಲೆ ಎಂಬ ಹಳೆಯ ಬಂದರಿನಲ್ಲಿ, ದೋಣಿ ನಿಲ್ಲುವ ಧಕ್ಕೆಯ ತುದಿಗೆ ನಿಂತು, ಹಸುಗೂಸಾಗಿದ್ದಾಗ ಕೊರಳಿಗೆ ಕಟ್ಟಿದ್ದ ಲಿಂಗವನ್ನು ಬಿಚ್ಚಿ ಸಮುದ್ರಕ್ಕೆ ಎಸೆದೆ ಎಂಬುದು ಆ ಸಂಗತಿ. ಪುಣೆಯ ಗೆಳೆಯರಿಗೆ ಹೇಳಿದ್ದೇನೆ. ಪಾಠ ಮಾಡುತ್ತಿದ್ದ ಕಾಲೇಜುಗಳ ಸ್ಟಾಫ್‌ರೂಮುಗಳಲ್ಲಿ ಹೇಳಿದ್ದೇನೆ, ಒಂದೊಂದನ್ನೇ ಬಿಟ್ಟುಬರುವಾಗಲೂ ಹೇಳಿದ್ದೇನೆ. ಹೇಳುವಾಗ ಸೂರ್ಯ ಮುಳುಗುತ್ತಿರುತ್ತಾನೆ. ಲಿಂಗಕ್ಕೆ ಸುತ್ತಿದ ಬಿಳಿ ಬಟ್ಟೆ ಗಾಳಿಗೆ ಬಿಚ್ಚಿಕೊಂಡು ಪಡುವಣಕ್ಕೆ, ನೀರಿನ ಮೇಲೆ, ಹಾರಿಹೋಗುತ್ತದೆ. ನಾನು ತಿರುಗಿ ನೋಡದೆ ನಡೆದುಬರುತ್ತೇನೆ.

ಕಳೆದ ಬೇಸಿಗೆಯಲ್ಲಿ ಸೊಲ್ಲಾಪುರದ ಒಂದು ಮದುವೆಯ ಪಂಕ್ತಿಯಲ್ಲೂ ಹೇಳಿದೆ. ಅದು ಅಲ್ಲಿಗೇ ನಿಲ್ಲಲಿಲ್ಲ.

ಜನವರಿಯ ಮೊದಲ ವಾರ ಅಕ್ಕಲಕೋಟದಿಂದ ಸುವರ್ಣಾ ಫೋನ್ ಮಾಡಿದಳು. ಅವಳು ನನ್ನ ಗುರುಸಿದ್ಧ ಕಾಕಾನ ಒಬ್ಬಳೇ ಮಗಳು, ಅಲ್ಲಿಯ ಮರಾಠಿ ಶಾಲೆಯಲ್ಲಿ ಮಾಸ್ತರಿಣಿ. ಕಾಕಾ ಅವಳ ಮನೆಯಲ್ಲೇ ಇದ್ದಾರೆ. ಸಂತೆಯಲ್ಲಿ ಕಾಕಾ ತಲೆತಿರುಗಿ ಬಿದ್ದರಂತೆ, ಹೊಟ್ಟೆ ಖಾಲಿ ಇಟ್ಟದ್ದಕ್ಕೆ ಡಾಕ್ಟರ್ ಬೈದರಂತೆ. ಕಾಕಾ ದಿನಕ್ಕೆ ಒಂದೇ ಹೊತ್ತು ಉಣ್ಣುತ್ತಾರೆಂಬುದು ನಮಗೆಲ್ಲ ಗೊತ್ತಿತ್ತು. ಸಕ್ಕರೆ ರೋಗಕ್ಕೆ ಪಥ್ಯವೆಂದುಕೊಂಡಿದ್ದೆವು. ಈ ಸಲ ಸುವರ್ಣಾ ಹಟ ಹಿಡಿದು ಕೇಳಿ ಬಾಯಿ ಬಿಡಿಸಿದ್ದಳು.

“ವೆಂಗುರ್ಲಾದಿಂದ ಬಂದಾಗಿನಿಂದ ಸಂಜಿಗಿ ಉಂಡಿಲ್ಲಂತ ಅಣ್ಣಾ. ನಿನ್ನ ಲಿಂಗ ಕಳದಿದ್ರ ಅದರಾಗ ತಮ್ದೂ ಪಾಲು ಐತಂತ, ಕರಕೊಂಡು ಹೋದವ್ರು ತಾವಂತ. ಎಸದಿದ್ರ ಬ್ಯಾರೆ ಮಾತಂತ. ಮದುವ್ಯಾಗ ನೀ ಎಸದೆ ಅಂದದ್ದು ಅವರ ಕಿವಿಗೂ ಬಿದ್ದೈತಿ, ಆದ್ರ ನಿನ್ನ ಬಾಯಿಂದನ ಕೇಳಬೇಕಂತ. ಯಾವುದು ಅಂತ ಗೊತ್ತಾಗೋತನಾ ಸಂಜಿ ಉಣ್ಣಾಂಗಿಲ್ಲಂತ.” ದನಿ ತಗ್ಗಿಸಿದಳು. “ನೀ ಕಳೀತು ಅಂತ ಹೇಳಿಬಿಡು. ಉಣ್ತಾರ, ಮುಗೀತು. ಅದರಾಗೇನು ನಿನ್ನ ಗಂಟು ಹೋಗತೈತಿ?”

ಅಕ್ಕಲಕೋಟಕ್ಕೆ ಹೋದೆ. ಕಾಕಾ ಪಡಸಾಲೆಯ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಅವರು ಮೊದಲಿನಿಂದಲೂ ಗಿಡ್ಡ ಆಳು. ಈಗ ಕಾಲುಗಳು ನೆಲದಿಂದ ಇನ್ನಷ್ಟು ಮೇಲೆ ನಿಂತಂತೆ ಕಂಡವು. ನಮ್ಮ ಕುರನೂರಿನ ಹೊಲದ ಕಡಲೆ, ಬೋರಿ ಹೊಳೆಯ ನೀರು, ಪುಣೆಯ ಚಳಿ ಎಲ್ಲ ವಿಚಾರಿಸಿದ ಮೇಲೆ ಸುವರ್ಣಾ ಚಹಾದ ಬಟ್ಟಲು ತೆಗೆದುಕೊಂಡು ಒಳಗೆ ಹೋಗುವುದನ್ನು ಕಾದು ಕೇಳಿದರು:

“ಬಸು, ಅದನ್ನ ನೀ ಎಸದಿಯೋ, ಕಳಕೊಂಡಿಯೋ? ಸಿಟ್ಟಿಲ್ಲ ನನಗ. ಖರೇ ಏನೈತಿ ಅಷ್ಟ ಹೇಳು.”

ಎಸೆದೆ ಎಂಬ ಮಾತು ನಾಲಿಗೆಯ ತುದಿಗೇ ಇತ್ತು. ನೂರು ಸಲ ಹೇಳಿದ್ದಲ್ಲವೇ? ಹೇಳುವ ಮೊದಲು ಯಾಕೋ ಬಲಗೈಯನ್ನು ನೋಡಿಕೊಂಡೆ. ಎಸೆದ ಕೈಗೆ ಎಸೆದದ್ದರ ತೂಕ ನೆನಪಿರಬೇಕು. ನನಗೆ ಸೂರ್ಯ ನೆನಪಿದ್ದ, ಹಾರುವ ಬಟ್ಟೆ ನೆನಪಿತ್ತು, ಧಕ್ಕೆಯ ಕಲ್ಲು ನೆನಪಿತ್ತು. ಕೈಯಲ್ಲಿ ಏನೂ ಇರಲಿಲ್ಲ. ಗಂಟು ಬಿಚ್ಚಿದ್ದು ಹೇಗೆ ಎಂಬುದೂ ಇರಲಿಲ್ಲ. ವೆಂಗುರ್ಲೆಯ ತೇವಕ್ಕೆ ಲಿಂಗ ಕಟ್ಟಿದ ಶಿವದಾರ ಉಬ್ಬಿ ಗಂಟು ಕಲ್ಲಾಗುತ್ತಿತ್ತು. ಕಾಕಾ ದಿನಾ ಬೆಳಿಗ್ಗೆ ತಮ್ಮದನ್ನು ಹಲ್ಲಿನಿಂದ ಸಡಿಲಿಸಿಕೊಳ್ಳುತ್ತಿದ್ದರು. ಅಂಥ ಗಂಟನ್ನು ನಾನು ಧಕ್ಕೆಯ ಮೇಲೆ ಒಂದೇ ಹಿಡಿತಕ್ಕೆ ಬಿಚ್ಚಿದ್ದೆನೇ?

ನಾಲ್ಕು ದಿನ ಕೊಡಿ, ನೋಡಿ ಬಂದು ಹೇಳುತ್ತೇನೆ ಎಂದೆ. ಇಪ್ಪತ್ತೆರಡು ವರ್ಷ ಕೊಟ್ಟವನಿಗೆ ನಾಲ್ಕು ದಿನ ಏನು ಭಾರ ಎಂದು ಕಾಕಾ ನಕ್ಕರು. ಏನನ್ನು ನೋಡಿ ಬರುತ್ತೀ ಎಂದು ಕೇಳಲಿಲ್ಲ.

ಸಾವಂತವಾಡಿಯಿಂದ ಹೊರಟ ಬಸ್ಸು ವೆಂಗುರ್ಲೆಯ ಹತ್ತಿರ ಬಂದಂತೆ ಕಿಟಕಿಯಿಂದ ಗೋಡಂಬಿ ಹುರಿಯುವ ಹೊಗೆ ಒಳಗೆ ಬಂತು. ಗಂಟಲಿಗೆ ಕಟ್ಟಿಕೊಳ್ಳುವ, ಎಣ್ಣೆಯಂಥ ಕಮಟು. ಅದರ ಹಿಂದೆಯೇ ಒಣಮೀನಿನ ವಾಸನೆ. ಅಷ್ಟು ಸಾಕಾಯಿತು, ಆ ಚಳಿಗಾಲ ಪೂರ್ತಿ ಎದ್ದು ಬಂದು ಪಕ್ಕದ ಸೀಟಿನಲ್ಲಿ ಕೂತಿತು. ಆದರೆ ಅದರಲ್ಲಿ ಎಷ್ಟನ್ನು ನಂಬಬೇಕೆಂದು ಈಗ ನನಗೆ ತಿಳಿಯದು.

ನಂಬಬಹುದಾದದ್ದು ಇಷ್ಟು. ನಮಗೆ ಕುರನೂರಿನಲ್ಲಿ ಹೊಲ, ಸೊಲ್ಲಾಪುರದಲ್ಲಿ ಚಾದರ ಮತ್ತು ಟಾವೆಲ್ಲಿನ ಅಂಗಡಿ. ಅಪ್ಪ ಅಂಗಡಿಯಲ್ಲಿ ಕೂತರೆ ಕಾಕಾ ದೀಪಾವಳಿ ಮುಗಿದದ್ದೇ ಒಂದು ಟ್ರಕ್ಕಿಗೆ ಮಾಲು ತುಂಬಿಕೊಂಡು ಪರಊರಿಗೆ ಹೊರಡುತ್ತಿದ್ದರು. ಯಾವುದಾದರೂ ಊರಿನಲ್ಲಿ ಮದುವೆಗಳು ನಡೆಯುವ ಕಾರ್ಯಾಲಯದ ದೊಡ್ಡ ಹಾಲನ್ನು ಮೂರು ತಿಂಗಳು ಬಾಡಿಗೆಗೆ ಹಿಡಿದು, ಬಾಗಿಲಿಗೆ ‘ಸೋಲಾಪುರಿ ಚಾದರಗಳ ಭವ್ಯ ಸೇಲ್’ ಎಂಬ ಬಟ್ಟೆಯ ಬೋರ್ಡು ಕಟ್ಟಿ, ಮಾಲಿನ ಗಂಟುಗಳ ಮೇಲೆ ಹಲಗೆ ಹಾಸಿ ಅಂಗಡಿ ಹೂಡುವುದು, ಮಾಲು ಮುಗಿದ ಮೇಲೆ ಅದೇ ಹಾಲಿನಲ್ಲಿ ಕಸ ಗುಡಿಸಿ ಬೀಗ ಕೊಟ್ಟು ಬರುವುದು. ಸೊಲ್ಲಾಪುರದ ಎಷ್ಟೋ ಮನೆತನಗಳು ಹೀಗೆ ಬದುಕಿವೆ. ಆ ವರ್ಷ ಒಳ್ಳೊಳ್ಳೆಯ ಊರುಗಳನ್ನೆಲ್ಲ ಬೇರೆಯವರು ಹಿಡಿದಿದ್ದರು. ನಮ್ಮ ಪಾಲಿಗೆ ವೆಂಗುರ್ಲೆ ಉಳಿಯಿತು. ಸೆಕೆಯ ಊರಿನಲ್ಲಿ ದಪ್ಪ ಚಾದರ ಯಾರು ಕೊಳ್ಳುತ್ತಾರೆ ಎಂದು ಅಪ್ಪ ನಕ್ಕಿದ್ದರು. ನಾಲ್ಕು ತಿಂಗಳು ಮಳೆ ಬೀಳುವ ಊರಿನಲ್ಲಿ ಕೊಳ್ಳದೆ ಇನ್ನೆಲ್ಲಿ ಕೊಳ್ಳುತ್ತಾರೆ ಎಂದು ಕಾಕಾ ಟ್ರಕ್ ಹತ್ತಿದ್ದರು. ಕೆಲಸವಿಲ್ಲದೆ ಮನೆಯಲ್ಲಿ ಬಿದ್ದುಕೊಂಡಿದ್ದ ನನ್ನನ್ನೂ ಹತ್ತಿಸಿದ್ದರು.

ಕಾರ್ಯಾಲಯ ಬಂದರಿಗೆ ಹೋಗುವ ರಸ್ತೆಯಲ್ಲಿತ್ತು. ಮುಂದೆ ನಾಲ್ಕು ಹೆಜ್ಜೆ ಹೋದರೆ ಡಚ್ಚರ ಕಾಲದ ವಖಾರ, ಅಂದರೆ ಗೋದಾಮು. ಗೋಡೆಗಳಷ್ಟೇ ಉಳಿದು ಆಲದ ಬೇರುಗಳ ಕೈಯಲ್ಲಿತ್ತು. ಅದರಾಚೆ ಗುಡ್ಡದ ಮೇಲೆ ದೀಪಸ್ತಂಭ, ಗುಡ್ಡದ ಬುಡಕ್ಕೆ ಧಕ್ಕೆ, ಧಕ್ಕೆಯ ಮುಂದೆ ಸಮುದ್ರ. ಹಗಲೆಲ್ಲ ಗಾಳಿ. ನಮ್ಮ ಬಟ್ಟೆಯ ಬೋರ್ಡು ವಾರಕ್ಕೊಮ್ಮೆ ಹರಿಯುತ್ತಿತ್ತು. ಬೀಗಕ್ಕೆ ಹತ್ತು ದಿನದಲ್ಲಿ ತುಕ್ಕು ಹಿಡಿಯಿತು. ಕಾಕಾ ಗಂಟುಗಳನ್ನು ಸಮುದ್ರದ ಕಡೆಯ ಗೋಡೆಗೆ ಒತ್ತಿ ಒಟ್ಟಿದ್ದರು, ನಮ್ಮ ಕಡೆ ಗೋಡೆ ಎಂದರೆ ಒಣಗಿದ್ದು ಎಂಬ ನಂಬಿಕೆಯಿಂದ. ಒಂದು ತಿಂಗಳಿಗೆ ಕೆಳಗಿನ ಸಾಲಿನ ಚಾದರಗಳಿಗೆ ಬೂಸಲು ಬಂತು. ಆಮೇಲೆ ದಿನಾ ಬಿಸಿಲಿಗೆ ಹರವುವುದು, ಸಂಜೆ ಮಡಚುವುದು ನನ್ನ ಕೆಲಸವಾಯಿತು.

ವ್ಯಾಪಾರ ಕಾಕಾನದು. ಚಾದರವನ್ನು ಒಂದೇ ಜಾಡಿಸುವಿಕೆಗೆ ಹಲಗೆಯ ಉದ್ದಕ್ಕೂ ಹಾಸಿ, ಬೀಳುತ್ತಿದ್ದಂತೆ ಮಗುಚಿ, ಇನ್ನೊಂದು ಮಗ್ಗುಲಿನ ಬಣ್ಣವನ್ನೂ ತೋರಿಸಿ, ಒಂದು ತುದಿಯನ್ನು ಗಿರಾಕಿಯ ಕೈಗೆ ಕೊಟ್ಟು ಎಳೆಯಿರಿ ಎನ್ನುತ್ತಿದ್ದರು. ಮೀನು ಮಾರಿ ಬಂದ ಹೆಂಗಸರು ನಿಜವಾಗಿಯೇ ಎಳೆಯುತ್ತಿದ್ದರು. ಒಮ್ಮೆ ಒಬ್ಬಾಕೆ ಎಳೆದ ರಭಸಕ್ಕೆ ಗಿಡ್ಡ ಕಾಕಾ ಹಲಗೆಯ ಮೇಲೆಯೇ ಮಗುಚಿ ಬಿದ್ದು, ಎದ್ದು, ಚಾದರ ಹರೀತೇನು ನೋಡವ್ವಾ ಎಂದು ಕೇಳಿ, ಅವಳಿಗೆ ಎರಡು ಮಾರಿದ್ದರು. ನಾನು ಮೂಲೆಯಲ್ಲಿ ಪುಸ್ತಕ ಹಿಡಿದು ಕೂತಿರುತ್ತಿದ್ದೆ. ಒಂದು ದಿನ ಅವರಿಗೆ ಘಟ್ಟದ ಮೇಲಿನ ಬಟ್ಟೆ ಎತ್ತುಗಳ ಬೆನ್ನ ಮೇಲೆ ಇಳಿದು ಇಂಥ ಬಂದರುಗಳಿಂದ ಹಡಗು ಹತ್ತುತ್ತಿತ್ತು, ನಾವು ಮಾಡುತ್ತಿರುವುದು ಅದನ್ನೇ ಎಂದು ವಿವರಿಸಿದೆ. ಕಾಕಾ ಕೇಳಿಸಿಕೊಂಡರು.

“ಎತ್ತಿನ ಮ್ಯಾಲ ಬಂದ್ರೂ ಅಷ್ಟ, ಟ್ರಕ್ಕಿನ್ಯಾಗ ಬಂದ್ರೂ ಅಷ್ಟ. ಗಿರಾಕಿ ಚೌಕಾಶಿ ಬಿಟ್ಟಾಳೇನು?”

ಊಟದ್ದೇ ತ್ರಾಸು. ಪಕ್ಕದ ಖಾನಾವಳಿಯ ಪ್ರಭಾಬಾಯಿ ಒಳ್ಳೆಯ ಹೆಂಗಸು, ಆದರೆ ಅವಳ ಒಲೆಯ ಮೇಲೆ ಮೀನು ಬೇಯದ ಹೊತ್ತಿರಲಿಲ್ಲ. ಕಾಕಾ ಸೊಲ್ಲಾಪುರದಿಂದ ತಂದ ಜೋಳದ ಹಿಟ್ಟು ನಾದಿ ಸೀಮೆಎಣ್ಣೆಯ ಸ್ಟೋವಿನ ಮೇಲೆ ತಾವೇ ರೊಟ್ಟಿ ಬಡಿಯುತ್ತಿದ್ದರು. ಗಾಳಿಗೆ ಸ್ಟೋವು ಆರಬಾರದೆಂದು ಸುತ್ತ ನಾಲ್ಕು ಗಂಟು ನಿಲ್ಲಿಸಿ ಕೋಟೆ ಕಟ್ಟಿದ್ದರು. ಆ ಕೋಟೆಯೊಳಗೇ ಬೆಳಿಗ್ಗೆ ಅವರ ಲಿಂಗಪೂಜೆ. ಬಾವಿಯ ನೀರು ಮಿಂದು, ಹಣೆಗೆ ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗವಿಟ್ಟುಕೊಂಡು ಕಣ್ಣು ಮುಚ್ಚಿ ಕೂತರೆ, ಹೊರಗೆ ಗಿರಾಕಿ ಬಂದು ಕೂಗಿದರೂ ಏಳುತ್ತಿರಲಿಲ್ಲ. ಅದಾಗದೆ ಒಂದು ಗುಟುಕು ನೀರೂ ಇಲ್ಲ. ನಾನು ಧಾರವಾಡದಲ್ಲೇ ಪೂಜೆ ಬಿಟ್ಟಿದ್ದೆ. ಅವ್ವನಿಗೆ ನೋವಾಗಬಾರದೆಂದು ಅಂಗಿಯೊಳಗೆ ಲಿಂಗ ಮಾತ್ರ ಇತ್ತು. ಕಾಕಾನಿಗೆ ಗೊತ್ತಿತ್ತು. ಒಂದು ದಿನವೂ ಯಾಕೆ ಎನ್ನಲಿಲ್ಲ. ಕೇಳಿದ್ದರೆ ನಾನು ಇಡೀ ಭಾಷಣ ತಯಾರಿಟ್ಟುಕೊಂಡಿದ್ದೆ.

ಕೇಳದಿದ್ದಕ್ಕೇ ಇರಬೇಕು, ಒಂದು ಬೆಳಿಗ್ಗೆ ನಾನಾಗಿಯೇ ಶುರುಮಾಡಿದೆ. ಕೈಯಲ್ಲಿರುವುದು ಕಲ್ಲು, ಮೇಲೆ ಬಳಿದದ್ದು ಮರದ ಅಂಟು ಮತ್ತು ಮಸಿ, ಇಷ್ಟು ಓದಿದ ಕಾಲದಲ್ಲೂ ಅದರ ಮುಂದೆ ಕಣ್ಣು ಮುಚ್ಚುವುದಕ್ಕೆ ಏನರ್ಥ ಎಂದೆಲ್ಲ ಹೇಳಿದೆ. ಕಾಕಾ ಪೂಜೆ ಮುಗಿಸಿ, ಬಟ್ಟೆ ಸುತ್ತಿ, ಕೊರಳಿಗೆ ಹಾಕಿಕೊಂಡರು.

“ಕಲ್ಲು ಅಂತ ನನಗ ಮೊದಲಿಂದನೂ ಗೊತ್ತೈತಿ. ನಿನಗ ಈಗ ಗೊತ್ತಾತೇನು?”

ಆ ಮಾತಿನಲ್ಲಿ ಕುಹಕ ಇರಲಿಲ್ಲ. ಅದಕ್ಕೇ ಅದು ಚುಚ್ಚಿತು. ಇಲ್ಲಿಯವರೆಗೆ ನನ್ನ ನೆನಪು ಗಟ್ಟಿಯಾಗಿದೆ. ಇದರ ಮುಂದೆ, ಅದೇ ಸಂಜೆಯೋ ಮರುದಿನದ ಸಂಜೆಯೋ, ಧಕ್ಕೆ ಬರುತ್ತದೆ, ಮುಳುಗುವ ಸೂರ್ಯ ಬರುತ್ತಾನೆ, ಬಿಳಿ ಬಟ್ಟೆ ಹಾರುತ್ತದೆ.

ಅದಾದ ಮೇಲಿನದು ಮತ್ತೆ ಗಟ್ಟಿ. ಬಾವಿಕಟ್ಟೆಯಲ್ಲಿ ಸ್ನಾನ ಮಾಡುವಾಗ ಕಾಕಾ ನನ್ನ ಬರಿಗೊರಳು ನೋಡಿದರು. ಎಲ್ಲೈತಿ ಎಂದರು. ನಾನು ಕೊಡ ಎತ್ತಿ ತಲೆಯ ಮೇಲೆ ನೀರು ಸುರಿದುಕೊಂಡೆ. ಅವತ್ತು ಅವರು ಉಣ್ಣಲಿಲ್ಲ. ಮರುದಿನವೂ ಇಲ್ಲ. ನಮ್ಮಲ್ಲಿ ಲಿಂಗ ಹೋದವನು ಹೊಸದನ್ನು ಕಟ್ಟಿಸಿಕೊಳ್ಳುವವರೆಗೆ ಉಣ್ಣಬಾರದು. ನಾನು ಉಣ್ಣುತ್ತಿದ್ದೆ, ನಾನು ಬಿಡಬೇಕಾದ ಊಟವನ್ನು ಅವರು ಬಿಟ್ಟರು. ಮೂರನೆಯ ದಿನ ಕಾರ್ಯಾಲಯಕ್ಕೆ ಬೀಗ ಹಾಕಿ, ಘಟ್ಟ ಹತ್ತಿ ನಿಪ್ಪಾಣಿಯ ಕಡೆ ಹೋಗಿ, ಮಾರನೆಯ ದಿನ ಲಿಂಗ ಕಟ್ಟುವ ಒಬ್ಬ ವಯಸ್ಸಾದ ಅಯ್ಯನವರನ್ನು ಕರೆತಂದರು. ಘಟ್ಟದ ತಿರುವುಗಳಲ್ಲಿ ವಾಂತಿ ಮಾಡಿಕೊಂಡು ಸುಸ್ತಾಗಿದ್ದ ಅಯ್ಯನವರು ಜನ್ಮದಲ್ಲಿ ಮೊದಲ ಸಲ ಸಮುದ್ರ ನೋಡಿದವರು. ಬಂದ ಕೆಲಸ ಮರೆತು ಸಂಜೆಯವರೆಗೂ ಧಕ್ಕೆಯ ಮೇಲೆ ಕೂತುಬಿಟ್ಟರು. ಕತ್ತಲಾಗುವ ಮುಂಚೆ ನನ್ನನ್ನು ಕರೆದು, ಕಟ್ಟಿಸಿಕೊಳ್ಳುತ್ತೀಯೇನಪ್ಪಾ ಎಂದು ಕೇಳಿದರು. ಒಲ್ಲೆ ಎಂದೆ. ಒತ್ತಾಯ ಮಾಡಲಿಲ್ಲ. ಇಷ್ಟು ನೀರು ಇರತೈತಿ ಅಂತ ನನಗ ಯಾರೂ ಹೇಳಿರಲಿಲ್ಲ ನೋಡು ಎಂದರು. ಮರುದಿನ ಒಂದು ಟಾವೆಲ್ಲು ಹೆಗಲಿಗೆ ಹಾಕಿಸಿಕೊಂಡು ಬಸ್ಸು ಹತ್ತಿದರು.

ಅವತ್ತಿನಿಂದ ಕಾಕಾ ಮಧ್ಯಾಹ್ನ ಉಣ್ಣತೊಡಗಿದರು. ಸಂಜೆ ನಾಲ್ಕು ಗಂಟುಗಳ ಕೋಟೆಯೊಳಗೆ ನನಗೊಬ್ಬನಿಗೆ ರೊಟ್ಟಿ ಬಡಿದು ಕೊಟ್ಟು, ಬಾಗಿಲ ಮೆಟ್ಟಿಲ ಮೇಲೆ ಸಮುದ್ರದ ಕಡೆ ಬೆನ್ನು ಮಾಡಿ ಕೂರುತ್ತಿದ್ದರು. ಮಾಲು ಮುಗಿಯುವವರೆಗೆ, ಇನ್ನೂ ಒಂದೂವರೆ ತಿಂಗಳು, ಆ ಹಾಲಿನಲ್ಲಿ ನಾವಿಬ್ಬರೂ ಚಾದರದ ಎರಡು ತುದಿ ಹಿಡಿದು ಮಡಚುವಷ್ಟೇ ಹತ್ತಿರ ಬರುತ್ತಿದ್ದೆವು. ಅಷ್ಟು ಒಂಟಿಯಾಗಿ ನಾನು ಮತ್ತೆಲ್ಲೂ ಇದ್ದದ್ದು ನೆನಪಿಲ್ಲ. ಪುಣೆಯ ಕೋಣೆಗಳಲ್ಲೂ ಇಲ್ಲ.

ಈಗಿನ ವೆಂಗುರ್ಲೆಯಲ್ಲಿ ಆ ಕಾರ್ಯಾಲಯ ಇಲ್ಲ. ಅಲ್ಲಿ ಮೂರಂತಸ್ತಿನ ಲಾಡ್ಜು ಎದ್ದಿದೆ. ವಖಾರದ ಗೋಡೆ ಒಂದು ಕಡೆ ಕುಸಿದಿದೆ, ಒಳಗೆ ಹೋಗಬಾರದೆಂಬ ಫಲಕವಿದೆ. ಧಕ್ಕೆಯ ಪಕ್ಕ ಪ್ರವಾಸಿಗರಿಗಾಗಿ ಹೊಸ ಸೇತುವೆ, ಬಣ್ಣದ ದೀಪ. ಖಾನಾವಳಿ ಹೋಗಿ ಅದೇ ಜಾಗದಲ್ಲಿ ಹೋಮ್‌ಸ್ಟೇ ಇತ್ತು, ಪ್ರಭಾಬಾಯಿಯ ಮಗ ನಡೆಸುತ್ತಿದ್ದ. ಪ್ರಭಾಬಾಯಿ ಹಿತ್ತಲಿನಲ್ಲಿ ಕೋಕಂ ಸಿಪ್ಪೆ ಇಟ್ಟ ಡಬ್ಬಿಗಳನ್ನು ಒರೆಸುತ್ತ ಕೂತಿದ್ದರು. ಎಪ್ಪತ್ತೈದು ದಾಟಿರಬಹುದು. ಸೋಲಾಪುರದ ಚಾದರವಾಲಾ ಎಂದು ಹೇಳಿಕೊಂಡೆ. ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಮಾಲ್ವಣಿ ಬೆರೆತ ಮರಾಠಿಯಲ್ಲಿ, ದೇವರು ಕಳೆದುಕೊಂಡ ಹುಡುಗ ನೀನೇ ಅಲ್ಲವೇ ಎಂದರು.

ಕಳೆದುಕೊಂಡೆನೋ ಎಸೆದೆನೋ ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರು ಹೇಳಿದ್ದು ಇದು: ನೀನು ಮಧ್ಯಾಹ್ನ ಅಲೆಯಲ್ಲಿ ಮೀಯಲು ಹೋಗಿದ್ದೆ. ಬಂದಾಗ ಕೊರಳು ಬರಿದಾಗಿತ್ತು. ನನ್ನ ಹತ್ತಿರ ಹಿಟ್ಟಿನ ಜರಡಿ ಕೇಳಿ ಒಯ್ದೆ. ಎರಡು ದಿನ, ನೀರು ಇಳಿದಾಗಲೆಲ್ಲ, ಧಕ್ಕೆಯ ಬುಡದ ಮರಳನ್ನು ಜಾಲಾಡಿದೆ. ನಮ್ಮ ಹುಡುಗರು ಚಿನ್ನ ಬಿದ್ದಿದೆಯೆಂದು ತಿಳಿದು ತಾವೂ ಹುಡುಕಿದರು. ಜರಡಿ ತೂತಾಗಿ ವಾಪಸು ಬಂತು.

ನನಗೆ ಜರಡಿ ನೆನಪಿಲ್ಲ. ಒಂದಿಷ್ಟೂ ಇಲ್ಲ. ಹಾಗೆಂದೆ.

“ತೂ ರಡತ ಹೋತಸ ರೇ,” ಎಂದರು. ನೀನು ಅಳುತ್ತಿದ್ದೆಯಲ್ಲೋ ಎಂದು.

ಇತಿಹಾಸ ಓದಿದವನಿಗೆ ಒಂದು ಸಾಕ್ಷಿ ಸಾಲದು. ಕಾಕಾ ಹೇಗಿದ್ದರು ಎಂದು ಕೇಳಿದೆ. ಎತ್ತರದ ಆಳು, ಬಾಗಿಲಲ್ಲಿ ತಲೆ ಬಗ್ಗಿಸಿ ಬರುತ್ತಿದ್ದ ಎಂದರು. ನಾನು ಹೇಗಿದ್ದೆ? ದಪ್ಪ ಕನ್ನಡಕ ಹಾಕುತ್ತಿದ್ದೆ. ನನಗೆ ಕನ್ನಡಕ ಬಂದದ್ದು ನಲವತ್ತರ ಮೇಲೆ. ಅಂದರೆ ಪ್ರಭಾಬಾಯಿ ಬೇರೆ ಯಾರನ್ನೋ ನೆನೆಯುತ್ತಿರಬಹುದು. ಎಷ್ಟೋ ಸೇಲಿನವರು ಬಂದುಹೋಗಿರುತ್ತಾರೆ, ಎಷ್ಟೋ ಹುಡುಗರು ಆ ಮರಳಲ್ಲಿ ಏನೇನನ್ನೋ ಹುಡುಕಿ ಅತ್ತಿರುತ್ತಾರೆ. ಸ್ವಲ್ಪ ಸಮಾಧಾನವಾಯಿತು. ನನ್ನ ಕಥೆ ನನ್ನ ಹತ್ತಿರವೇ ಉಳಿಯಿತು ಎಂದುಕೊಂಡು ಧಕ್ಕೆಗೆ ನಡೆದೆ.

ಸೂರ್ಯ ಮುಳುಗಲು ಅರ್ಧ ತಾಸು ಇತ್ತು. ಅದೇ ತಿಂಗಳು, ಅದೇ ಹೊತ್ತು. ತುದಿಗೆ ಹೋಗಿ ನಿಂತಾಗ ಗಾಳಿ ಎದೆಗೆ ಬಡಿಯಿತು. ಅಂಗಿ ಬೆನ್ನ ಹಿಂದೆ ಪಟಪಟ ಬಡಿದುಕೊಳ್ಳುತ್ತಿತ್ತು. ಆ ಶಬ್ದವನ್ನು ಒಂದೆರಡು ನಿಮಿಷ ಕೇಳಿದ ಮೇಲೆ ಹೊಳೆಯಿತು. ಜೇಬಿನಿಂದ ಕರವಸ್ತ್ರ ತೆಗೆದೆ, ಅದರೊಳಗೆ ಒಂದು ಬೆಣಚುಕಲ್ಲು ಸುತ್ತಿ ಸಮುದ್ರದ ಕಡೆಗೆ ಎಸೆದೆ. ಕಲ್ಲು ಬಟ್ಟೆಯಿಂದ ಜಾರಿ ನೀರಿಗೆ ಬಿತ್ತು. ಬಟ್ಟೆ ಗಾಳಿಯಲ್ಲಿ ಒಮ್ಮೆ ತಡೆದು ನಿಂತು, ಹಿಂದಕ್ಕೆ ಬಂದು, ನನ್ನ ತಲೆಯ ಮೇಲಿಂದ ಹಾರಿ ಧಕ್ಕೆಯ ನಡುವೆ ಬಿತ್ತು. ಆರಿಸಿ ತಂದು ಮತ್ತೆ ಎಸೆದೆ. ಮುಖಕ್ಕೇ ಬಡಿಯಿತು. ಮೂರನೆಯ ಸಲ ಪೂರ್ತಿ ಬಲದಿಂದ ಎಸೆದೆ. ಅದು ನನ್ನ ಹಿಂದೆ ಬಲೆ ಹೊಲಿಯುತ್ತ ಕೂತಿದ್ದ ಮುದುಕನ ತೊಡೆಯ ಮೇಲೆ ಹೋಗಿ ಬಿತ್ತು.

ಏನು ಮಾಡುತ್ತಿದ್ದೀರಿ ಸಾಹೇಬ್ರೇ ಎಂದು ಅವನು ಕರವಸ್ತ್ರ ಮಡಚಿ ಕೊಟ್ಟ. ಈ ಹೊತ್ತಿನಲ್ಲಿ ಗಾಳಿ ಯಾವಾಗಲಾದರೂ ಇಲ್ಲಿಂದ ಸಮುದ್ರದ ಕಡೆ ಬೀಸುವುದುಂಟೇ ಎಂದು ಕೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಯಾವೂರು ಎಂದ. ಈ ದಿನಗಳಲ್ಲಿ ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಸಮುದ್ರದಿಂದ ಊರಿಗೆ, ಬೆಳಗಿನ ಜಾವ ಊರಿನಿಂದ ಸಮುದ್ರಕ್ಕೆ. ದೋಣಿ ಹೋಗುವುದು, ಬರುವುದು ಅದನ್ನೇ ನಂಬಿ ಎಂದ. ಇದು ಇಲ್ಲಿಯ ಮಗುವಿಗೂ ಗೊತ್ತು ಎಂದು ಮತ್ತೆ ಬಲೆಗೆ ಬಗ್ಗಿದ.

ನಾನು ಬೆಳಗಿನ ಜಾವ ಧಕ್ಕೆಗೆ ಹೋದವನೇ ಅಲ್ಲ. ಕಾಕಾ ಪೂಜೆ ಮುಗಿಸಿ ಎಬ್ಬಿಸುವವರೆಗೆ ಗಂಟುಗಳ ಮೇಲೆ ಮಲಗಿರುತ್ತಿದ್ದೆ. ಹಾಗಾದರೆ ಆ ಸಂಜೆ ನಾನು ನೋಡಿದ ಗಾಳಿ ಯಾವುದು? ಅಲ್ಲಿಯೇ ಕೂತು ಯೋಚಿಸಿದೆ. ಬಹಳ ಹುಡುಕಬೇಕಾಗಲಿಲ್ಲ. ಅದು ಕುರನೂರಿನ ಕಣದ ಗಾಳಿ. ಸುಗ್ಗಿಯಲ್ಲಿ ಮೆಟ್ಟಿಲು ಹತ್ತಿ ನಿಂತು, ಗಾಳಿಗೆ ಬೆನ್ನು ಕೊಟ್ಟು, ಜೋಳ ತುಂಬಿದ ಬುಟ್ಟಿಯನ್ನು ತಲೆಯ ಮೇಲಕ್ಕೆತ್ತಿ ಓರೆಮಾಡಿದರೆ, ಕಾಳು ನೇರ ಕಾಲ ಬಳಿ ಬೀಳುತ್ತದೆ, ಹೊಟ್ಟು ಬೆಳ್ಳಗೆ ಬಿಚ್ಚಿಕೊಂಡು ಮುಂದಕ್ಕೆ, ದೂರಕ್ಕೆ, ಹಾರಿಹೋಗುತ್ತದೆ. ಬಯಲುಸೀಮೆಯವನಿಗೆ ತೂರುವುದೆಂದರೆ ಹಾಗೆಯೇ. ತನ್ನ ಬೆನ್ನಿಗೆ ಗಾಳಿ ಇದ್ದೇ ಇರುತ್ತದೆಂದು ಅವನು ಎಲ್ಲಿ ಹೋದರೂ ನಂಬಿರುತ್ತಾನೆ. ನಾನು ಯಾವಾಗಲೋ, ಪುಣೆಯ ಯಾವುದೋ ಕೋಣೆಯಲ್ಲಿ, ಕಣದ ಗಾಳಿಯನ್ನು ತಂದು ಈ ಧಕ್ಕೆಯ ಮೇಲೆ ಬೀಸಿಸಿದ್ದೆ.

ಇದರಿಂದ ಎಸೆಯಲಿಲ್ಲವೆಂದು ಸಾಬೀತಾಗುವುದಿಲ್ಲ. ಬಟ್ಟೆ ಹಾರಿದ್ದು ಸುಳ್ಳಾದರೆ ಎಸೆದದ್ದೂ ಸುಳ್ಳೇ ಎನ್ನುವಂತಿಲ್ಲ. ಕನ್ನಡಕ ತಪ್ಪಾದರೆ ಜರಡಿಯೂ ತಪ್ಪೇ ಎನ್ನುವಂತಿಲ್ಲ. ನೀರು ಇಳಿಯುತ್ತಿತ್ತು. ಧಕ್ಕೆಯ ಬುಡದಲ್ಲಿ ಪಾಚಿಗಟ್ಟಿದ ಕಲ್ಲು, ನಡುವೆ ಒಂದಿಷ್ಟು ಮರಳು ಕಾಣಿಸಿಕೊಂಡವು. ಇಳಿದು ಹೋಗಿ ಸುಮ್ಮನೆ ನಿಂತೆ. ಏನಾದರೂ ನೆನಪಾದೀತೆಂದು ಬಗ್ಗಿ ಒಂದು ಹಿಡಿ ಮರಳು ಎತ್ತಿದೆ. ತಣ್ಣಗಿತ್ತು. ಮೇಲೆ ಸೇತುವೆಯಲ್ಲಿ ಜನ ಫೋಟೋ ತೆಗೆದುಕೊಳ್ಳುತ್ತಿದ್ದರು. ಸೂರ್ಯ ಮುಳುಗಿದ್ದು ನಾನು ನೋಡಲೇ ಇಲ್ಲ.

ನಾಲ್ಕನೆಯ ದಿನ ಸಂಜೆ ಅಕ್ಕಲಕೋಟ ಮುಟ್ಟಿದೆ. ಸುವರ್ಣಾ ಬಾಗಿಲಲ್ಲೇ ತಡೆದು, ಏನು ಹೇಳುತ್ತೀ ಎಂದು ಕಣ್ಣಿನಲ್ಲೇ ಕೇಳಿದಳು. ಒಳಗೆ ಕಾಕಾ ಅದೇ ಮಂಚದ ಮೇಲಿದ್ದರು. ಎದುರಿಗೆ ಕುರ್ಚಿ ಎಳೆದುಕೊಂಡು ಕೂತೆ.

“ನನಗ ಗೊತ್ತಿಲ್ಲ ಕಾಕಾ.”

ಹಿಂದಿನಿಂದ ಸುವರ್ಣಾ ಉಸಿರು ಬಿಟ್ಟದ್ದು ಕೇಳಿಸಿತು. ನಾನು ಎಲ್ಲವನ್ನೂ ಹೇಳಿದೆ, ಜರಡಿ, ಅಳು, ಕನ್ನಡಕ. ಕರವಸ್ತ್ರದ ಮಾತು ಬಂದಾಗ ಕಾಕಾ ಮುಂದಕ್ಕೆ ಬಾಗಿದರು. ಯಾವ ಕಡೆ ನಿಂತಿದ್ದೆ, ಗಾಳಿ ಎಡಕ್ಕೆ ಎಷ್ಟು ಬಾಗಿತ್ತು, ಮೂರು ಸಲವೂ ಹಿಂದಕ್ಕೇ ಬಂತೇ ಎಂದು ಹೊಲದ ಮಾತಿನಂತೆ ವಿಚಾರಿಸಿದರು. ಎಲ್ಲ ಮುಗಿದ ಮೇಲೆ ಮೊಣಕಾಲು ತಿಕ್ಕಿಕೊಂಡರು.

“ಎಸದವ್ಗ ಗೊತ್ತಿರತೈತಿ ಬಸು. ಗೊತ್ತಿಲ್ಲ ಅಂತಿ ಅಂದ್ರ ಕಳದೈತಿ.” ಆಮೇಲೆ ಮೆಲ್ಲಗೆ ಹೇಳಿದರು, ಕಳೆದದ್ದೇನೋ ಕೈಗೆ ಸಿಕ್ಕವರಂತೆ: “ಹಂಗಾರ ಅದರಾಗ ನಂದೂ ಪಾಲೈತಿ.”

ಇದು ಪುರಾವೆಯಲ್ಲ, ಯಾವ ನ್ಯಾಯಕ್ಕೂ ನಿಲ್ಲುವ ಮಾತಲ್ಲ. ಜನ ತಾವು ಮಾಡಿದ್ದನ್ನು ಎಷ್ಟೋ ಸಲ ಮರೆಯುತ್ತಾರೆ ಎಂದು ನಾನು ಅವರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಎಲ್ಲವನ್ನೂ ಎದುರಿಸಿ ಒಬ್ಬನೇ ನಿಂತೆನೆಂದು ಹೇಳಿಕೊಳ್ಳಲು ನನ್ನ ಬದುಕಿನಲ್ಲಿ ಇದ್ದದ್ದು ಅದೊಂದೇ ಸಂಜೆ. ಅದೂ ನನ್ನದಲ್ಲದೆ ಹೋಯಿತು. ಈಗ ಯಾರಾದರೂ ಕೇಳಿದರೆ ಏನು ಹೇಳಬೇಕೆಂದು ತಿಳಿಯದೆ ಕುರ್ಚಿಯ ಮೇಲೆ ಕೂತಿದ್ದೆ.

ಕಾಕಾ ಸುವರ್ಣಾಳನ್ನು ಕರೆದು ರೊಟ್ಟಿ ಇದ್ದಾವೇನು ಎಂದು ಕೇಳಿದರು. ಅವಳು ಒಂದು ಕ್ಷಣ ಅಲ್ಲಾಡದೆ ನಿಂತು, ಆಮೇಲೆ ಓಡಿದಳು. ತಾಟಿನಲ್ಲಿ ಒಂದು ರೊಟ್ಟಿ, ಬದನೆಕಾಯಿ ಪಲ್ಯ, ಚಟ್ನಿಪುಡಿಯಂಥ ಶೇಂಗಾ ಹಿಂಡಿ, ಮೊಸರು. ಸಂಜೆಯ ಊಟ ಮರೆತಿದ್ದ ಕೈ ರೊಟ್ಟಿಯ ಮೇಲೆ ಸ್ವಲ್ಪ ತಡೆಯಿತು. ಮುರಿದು, ಪಲ್ಯಕ್ಕೆ ಹಚ್ಚಿ, ಬಾಯಿಗೆ ಇಟ್ಟು, ಬಹಳ ಹೊತ್ತು ಅಗಿದರು. ನನ್ನ ಕಡೆ ನೋಡದೆಯೇ ಕೇಳಿದರು:

“ಹಂಗಾರ ನಾಳಿ ಅಯ್ಯಾರ್ಗೆ ಬರ್ರಿ ಅಂತ ಹೇಳಿ ಕಳಸ್ಲೇನು?”

“ಬ್ಯಾಡ ಕಾಕಾ.”

ಆಗಲಿ ಎನ್ನುವಂತೆ ತಲೆಯಾಡಿಸಿದರು. 

ತಾಟಿನ ಅಂಚಿಗೆ ಸರಿದಿದ್ದ ಹಿಂಡಿಯನ್ನು ಹತ್ತಿರ ಎಳೆದುಕೊಂಡು, ಇನ್ನೊಂದು ತುತ್ತು ಮುರಿದರು.